ವಕ್ಕಲೇರಿ, ಕೇರ್ ಆಫ್ ಬೆಂಗಳೂರು

ಇತಿಹಾಸ ಓದಿದವರಿಗೆ ವಕ್ಕಲೇರಿ ಎಂದ ಕೂಡಲೇ ನೆನಪಾಗುವುದು ತಾಮ್ರಪಟ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಹೊರಡಿಸಿದ ದಾನಶಾಸನ ಅದು. ಅವನ ತಂದೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರನ್ನು ಸುಲಿಯದೆ, ರಾಜಸಿಂಹೇಶ್ವರ ದೇವಾಲಯದ ಹೊನ್ನನ್ನು ದೇವರಿಗೇ ಬಿಟ್ಟುಬಂದ ಸಂಗತಿ ಅದರಲ್ಲಿದೆ. ಆದರೆ ದಾನವಾಗಿ ಕೊಟ್ಟದ್ದು ವಕ್ಕಲೇರಿಯ ನೆಲವನ್ನಲ್ಲ. ಕೊಟ್ಟ ಊರು ಸುಳ್ಳಿಯೂರು. ಅದು ಪಾನುಂಗಲ್ ವಿಷಯದ್ದು, ಅಂದರೆ ಈಗಿನ ಹಾನಗಲ್ ಸೀಮೆಯದು. ಪಟಗಳು ಸಿಕ್ಕಿದ್ದು ಕೋಲಾರ ಜಿಲ್ಲೆಯ ಈ ಊರಲ್ಲಿ ಎಂಬ ಕಾರಣಕ್ಕೆ ಊರಿನ ಹೆಸರು ಅವಕ್ಕೆ ಅಂಟಿಕೊಂಡಿತು.

ದಾಖಲೆ ಸಿಕ್ಕ ಜಾಗವೇ ಒಂದು, ದಾಖಲೆ ಹೇಳುವ ಜಾಗವೇ ಇನ್ನೊಂದು. ಶಾಸನ ಓದುವವರಿಗೆ ಇದು ಮೊದಲ ಪಾಠ. ಆಸ್ಪತ್ರೆಯ ಕಡತ ಓದುವವರು ಮಾತ್ರ ಇದನ್ನು ಆಗಾಗ ಮರೆಯುತ್ತಾರೆ.

ನಾನು ಹುಡುಕಲು ಹೊರಟದ್ದು ಸರಳವಾದ ಪ್ರಶ್ನೆಗೆ ಉತ್ತರ. ಮಾರ್ಕಂಡೇಯ ಬೆಟ್ಟದ ಸುತ್ತಮುತ್ತ, ಕೋಲಾರ ತಾಲ್ಲೂಕಿನ ವಕ್ಕಲೇರಿ ಹೋಬಳಿಯಲ್ಲಿ, ವರ್ಷಕ್ಕೆ ಎಷ್ಟು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ? ಅವರಲ್ಲಿ ಎಷ್ಟು ಜನ ಐದು ವರ್ಷ ಬದುಕಿರುತ್ತಾರೆ? ದೇಶದ ಲೆಕ್ಕ ಎಲ್ಲರ ಕೈಗೂ ಸಿಗುತ್ತದೆ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸ ರೋಗಿಗಳು 1.27 ಲಕ್ಷ, ಸಾವು ಸುಮಾರು 80 ಸಾವಿರ. ಹೋಬಳಿಯ ಲೆಕ್ಕಕ್ಕೆ ಮಾತ್ರ ಕಡತಗಳ ಬೆನ್ನು ಹತ್ತಬೇಕು.

ಮೊದಲು ನೋಡಬೇಕಾದ್ದು ಬೆಂಗಳೂರಿನ ನೋಂದಣಿಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು 1981ರ ಕೊನೆಗೆ ಶುರುಮಾಡಿದಾಗ ಜನಸಂಖ್ಯೆ ಆಧಾರಿತ ನೋಂದಣಿಗೆ ಆರಿಸಿಕೊಂಡದ್ದು ಮುಂಬಯಿ, ಮದ್ರಾಸು, ಬೆಂಗಳೂರು, ಈ ಮೂರು ನಗರಗಳನ್ನು. ಬೆಂಗಳೂರಿನ ಹೊಣೆ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಬಂತು. 1982ರ ಜನವರಿಯಿಂದ ಅಲ್ಲಿ ಲೆಕ್ಕ ಇದೆ. ಇಷ್ಟು ಹಳೆಯ, ಇಷ್ಟು ಕ್ರಮವಾದ ರೋಗದ ಲೆಕ್ಕ ನಮ್ಮ ರಾಜ್ಯದಲ್ಲಿ ಬೇರೆ ಕಾಣುವುದು ಕಷ್ಟ.

ಈ ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಆಸ್ಪತ್ರೆಗಳು ತಾವಾಗಿ ಮಾಹಿತಿ ಕಳಿಸುತ್ತವೆಂದು ಕಾದು ಕುಳಿತರೆ ಪುಸ್ತಕ ಖಾಲಿಯೇ ಉಳಿಯುತ್ತದೆ. ಹಾಗಾಗಿ ನೋಂದಣಿಯ ಸಿಬ್ಬಂದಿಯೇ ಸರ್ಕಾರಿ ಆಸ್ಪತ್ರೆ, ನರ್ಸಿಂಗ್ ಹೋಂ, ಪೆಥಾಲಜಿ ಲ್ಯಾಬು, ಪಾಲಿಕೆಯ ಮರಣ ವಿಭಾಗ ಎಲ್ಲ ಸುತ್ತಿ, ಕೇಸ್ ಶೀಟು ತಿರುವಿ, ನಮೂನೆಗೆ ಇಳಿಸಿಕೊಂಡು ಬರುತ್ತಾರೆ. ಒಬ್ಬಳೇ ಹೆಂಗಸು ಮೂರು ಆಸ್ಪತ್ರೆಗೆ ಹೋಗಿರುತ್ತಾಳೆ. ಅವಳನ್ನು ಮೂವರೆಂದು ಎಣಿಸಬಾರದು. ಮುನಿಯಮ್ಮ, ನಾರಾಯಣಮ್ಮ, ವೆಂಕಟಮ್ಮ, ಲಕ್ಷ್ಮಮ್ಮ ಎಂಬ ನಾಲ್ಕು ಹೆಸರಲ್ಲೇ ಒಂದು ಬೀದಿ ಮುಗಿದುಹೋಗುವ ಸೀಮೆಯಿಂದ ಬಂದವರನ್ನು ಗಂಡನ ಹೆಸರು, ವಯಸ್ಸು, ವಿಳಾಸ ಕೂಡಿಸಿ ಬೇರ್ಪಡಿಸಬೇಕು. ವಯಸ್ಸೋ, ನಲವತ್ತೈದು ಇಲ್ಲವೆ ಐವತ್ತು. ಅದರ ನಡುವಿನ ಸಂಖ್ಯೆ ಹೇಳುವ ಹೆಂಗಸು ಅಪರೂಪ.

ಆಮೇಲೆ ಬರುತ್ತದೆ ಎಲ್ಲಕ್ಕಿಂತ ಮುಖ್ಯವಾದ ನಿಯಮ. ರೋಗ ಪತ್ತೆಯಾಗುವ ಹೊತ್ತಿಗೆ ಆಕೆ ನೋಂದಣಿಯ ಗಡಿಯೊಳಗೆ ಕನಿಷ್ಠ ಒಂದು ವರ್ಷ ವಾಸವಿದ್ದಿರಬೇಕು. ಇಲ್ಲದಿದ್ದರೆ ಆಕೆ ಬೆಂಗಳೂರಿನವಳಲ್ಲ. ನಿಯಮ ಸರಿಯಾದದ್ದೇ. ದರ ಎಂದರೆ ಭಾಗಾಕಾರ: ಮೇಲೆ ರೋಗಿಗಳು, ಕೆಳಗೆ ಆ ಊರಿನ ಜನ. ಚಿಕಿತ್ಸೆಗೆ ಬಂದವರನ್ನೆಲ್ಲ ಮೇಲಕ್ಕೆ ಸೇರಿಸಿದರೆ ಬೆಂಗಳೂರು ದಕ್ಷಿಣ ಭಾರತದ ರೋಗವನ್ನೆಲ್ಲ ಹೊತ್ತ ಊರಾಗಿ ಕಾಣುತ್ತದೆ.

ಆ ನಿಯಮದ ಆಚೆ ಬದಿಯಲ್ಲಿ ವಕ್ಕಲೇರಿ ಇದೆ. ಅಲ್ಲಿಂದ ಬಂದ ಹೆಂಗಸಿನ ಕಡತ ನೋಂದಣಿಯವರ ಕೈಗೆ ಬರುತ್ತದೆ, ಓದಿಸಿಕೊಳ್ಳುತ್ತದೆ, ‘ಹೊರಗಿನವರು’ ಎಂದು ಪಕ್ಕಕ್ಕೆ ಸರಿಯುತ್ತದೆ. 2020ರಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ ದೇಶದ 28 ಜನಸಂಖ್ಯಾ ನೋಂದಣಿಗಳ 2012ರಿಂದ 2016ರವರೆಗಿನ ಅಂಕಿಗಳಿವೆ. ಕರ್ನಾಟಕದ ಪಾಲಿಗೆ ಅದರಲ್ಲಿದ್ದದ್ದು ಬೆಂಗಳೂರು ಒಂದೇ. ಆ ಎಲ್ಲ ನೋಂದಣಿಗಳನ್ನು ಕೂಡಿದರೂ ದೇಶದ ಜನರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಅವುಗಳ ಕೆಳಗೆ ಬರುತ್ತಿತ್ತು. ಇನ್ನೊಂದು ಸೋಜಿಗ: ಇಡೀ ದೇಶದ ಈ ಲೆಕ್ಕ ಸೇರಿ ಅಚ್ಚಾಗುವ ಕಚೇರಿ, ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ, ಇರುವುದು ಬೆಂಗಳೂರಿನ ವಿಮಾನ ನಿಲ್ದಾಣದ ಕಡೆಯ ಕಣ್ಣಮಂಗಲದಲ್ಲಿ. ವಕ್ಕಲೇರಿಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದಷ್ಟು ದೂರ.

ಆದರೂ ಬೆಂಗಳೂರಿನ ಲೆಕ್ಕವನ್ನು ಬಿಟ್ಟು ಮುಂದೆ ಹೋಗಲಾಗದು. 1995ರಲ್ಲಿ ಎ. ನಂದಕುಮಾರ್, ಎನ್. ಅನಂತ ಮತ್ತು ಟಿ.ಸಿ. ವೇಣುಗೋಪಾಲ್ ಬ್ರಿಟನ್ನಿನ ಕ್ಯಾನ್ಸರ್ ನಿಯತಕಾಲಿಕದಲ್ಲಿ ಪ್ರಕಟಿಸಿದ ಒಂದು ಲೇಖನವನ್ನು ಈ ವಿಷಯದಲ್ಲಿ ಆಸಕ್ತಿ ಇರುವ ಪ್ರತಿಯೊಬ್ಬರೂ ಓದಬೇಕು. 1982ರಿಂದ 1989ರವರೆಗೆ ಬೆಂಗಳೂರಿನಲ್ಲಿ ಗರ್ಭಕಂಠದ ಕ್ಯಾನ್ಸರಾದ ಹೆಂಗಸರು ಆಮೇಲೆ ಏನಾದರು ಎಂಬುದು ಅದರ ವಿಷಯ. ಐದು ವರ್ಷ ಬದುಕಿದವರು ನೂರಕ್ಕೆ 34. ಮೊದಲ ಹಂತದಲ್ಲಿ ಬಂದವರಲ್ಲಿ ಶೇ 63, ಎರಡನೆಯದರಲ್ಲಿ 44, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 6ಕ್ಕೂ ಕಡಿಮೆ. ರೋಗಿ ಯಾವ ಹಂತದಲ್ಲಿ ಬಂದಳು ಎಂಬುದೊಂದೇ ಉಳಿದೆಲ್ಲಕ್ಕಿಂತ ಮುಖ್ಯವಾಯಿತೆಂದು ಲೇಖಕರು ತೋರಿಸಿದರು.

ಅಂಕಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂಕಿ ಹುಟ್ಟಿದ ಬಗೆ. ಚಿಕಿತ್ಸೆ ಮುಗಿಸಿ ಹೋದವರು ಮತ್ತೆ ಆಸ್ಪತ್ರೆಗೆ ಬರದಿದ್ದರೆ ಬದುಕಿದ್ದಾರೋ ಇಲ್ಲವೋ ಗೊತ್ತಾಗುವುದು ಹೇಗೆ? ಮರಣ ಪುಸ್ತಕದಲ್ಲಿ ಕ್ಯಾನ್ಸರ್ ಎಂದು ಬರೆದಿರುವುದಿಲ್ಲ. ಕೊನೆಗೆ ಸಿಬ್ಬಂದಿ ವಿಳಾಸ ಹಿಡಿದು ಮನೆಮನೆಗೆ ಹೋಗಬೇಕಾಯಿತು. ಬಾಡಿಗೆ ಮನೆ ಬದಲಾಗಿರುತ್ತದೆ, ಬೀದಿಯ ಹೆಸರು ಬದಲಾಗಿರುತ್ತದೆ, ಬಾಗಿಲು ತೆರೆದ ಸೊಸೆ ‘ಅವರು ಹೋಗಿಬಿಟ್ರು’ ಎನ್ನುತ್ತಾಳೆ. ಯಾವ ತಿಂಗಳು ಎಂದು ಕೇಳಿದರೆ ಹಬ್ಬದ ಲೆಕ್ಕದಲ್ಲಿ ಹೇಳುತ್ತಾಳೆ. ಶೇ 34 ಎಂಬ ಸಂಖ್ಯೆ ಕಂಪ್ಯೂಟರಿಂದ ಬಂದದ್ದಲ್ಲ, ಕಾಲಿಂದ ಬಂದದ್ದು. ನಗರದಲ್ಲೇ ಇಷ್ಟು ನಡೆಯಬೇಕಾದರೆ, ಬಸ್ಸು ಇಳಿದು ಮತ್ತೆ ನಡೆಯಬೇಕಾದ ಹಳ್ಳಿಯ ಮಾತು ಬೇರೆ ಹೇಳಬೇಕಾಗಿಲ್ಲ.

ಇದೇ ನೋಂದಣಿ ಇನ್ನೊಂದು ಸಂಗತಿಯನ್ನೂ ಹೇಳಿತು. 1982ರಲ್ಲಿ ಬೆಂಗಳೂರಿನ ಹೆಂಗಸರ ಕ್ಯಾನ್ಸರುಗಳಲ್ಲಿ ಗರ್ಭಕಂಠದ್ದೇ ಮೊದಲು. ವರ್ಷ ಕಳೆದಂತೆ ಅದು ಇಳಿಯಿತು, ಸ್ತನದ್ದು ಏರಿ ಮೊದಲಾಯಿತು. ಯಾವ ದೊಡ್ಡ ತಪಾಸಣಾ ಅಭಿಯಾನವೂ ಇಲ್ಲದೆ ಆದ ಇಳಿಕೆ ಇದು. ಮದುವೆಯ ವಯಸ್ಸು ಮುಂದಕ್ಕೆ ಹೋಯಿತು, ಹೆರಿಗೆಗಳು ಕಡಿಮೆಯಾದವು, ಬಚ್ಚಲಿಗೆ ನೀರು ಬಂತು. ತಜ್ಞರು ಮುಂದಿಡುವ ಕಾರಣಗಳು ಇವು. ಕೋಲಾರದ ಹಳ್ಳಿಗಳಲ್ಲೂ ಇದೇ ಇಳಿಕೆ ಆಗಿರಬಹುದು ಎಂದು ಮೇಜಿನ ಮುಂದೆ ಕೂತು ಹೇಳುವವರಿದ್ದಾರೆ. ಬೆಂಗಳೂರಿನ ಗೆರೆಯನ್ನು ಎಳೆದು ವಕ್ಕಲೇರಿಯ ಮೇಲೆ ಹಾಕುವುದು, ಹಾನಗಲ್ಲಿನ ದಾನವನ್ನು ಕೋಲಾರದ ಪಹಣಿಯಲ್ಲಿ ಹುಡುಕಿದ ಹಾಗೆ.

ಎರಡನೆಯ ದಾರಿ ಕಿದ್ವಾಯಿಯದೇ ಆಸ್ಪತ್ರೆ ಆಧಾರಿತ ನೋಂದಣಿ. ಇಲ್ಲಿ ಹೊರಗಿನವರು, ಒಳಗಿನವರು ಎಂಬ ಭೇದವಿಲ್ಲ. ಹೊಸೂರು ರಸ್ತೆಯ ಆ ಆವರಣಕ್ಕೆ ಕಾಲಿಟ್ಟ ಎಲ್ಲ ರೋಗಿಗಳೂ ಪುಸ್ತಕಕ್ಕೆ ಬರುತ್ತಾರೆ, ಜಿಲ್ಲೆಯ ಹೆಸರಿನೊಂದಿಗೆ. ಕೋಲಾರ ಇಲ್ಲಿ ಕಾಣುತ್ತದೆ. ಹಂತ ಗೊತ್ತಾಗುತ್ತದೆ, ಚಿಕಿತ್ಸೆ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಇಲ್ಲಿಗೆ ಬರದೆ ಊರಲ್ಲೇ ಉಳಿದವರ ಸಂಗತಿ. ಮೇಲಿನ ಸಂಖ್ಯೆ ಇದೆ, ಕೆಳಗಿನದು ಇಲ್ಲ.

ಇಲ್ಲಿಯೇ ಕೇಸ್ ಶೀಟಿನ ವಿಳಾಸದ ಸಾಲನ್ನು ಗಮನಿಸಬೇಕು. ಗರ್ಭಕಂಠದ ಕ್ಯಾನ್ಸರು ಎರಡು ಮೂರನೆಯ ಹಂತದಲ್ಲಿದ್ದರೆ ಮುಖ್ಯ ಚಿಕಿತ್ಸೆ ವಿಕಿರಣ. ರೋಗಿಗಳು ಅದನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಐದು ವಾರ ಹೊರಗಿನಿಂದ, ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಔಷಧಿ, ಆಮೇಲೆ ಕೆಲವು ಸಲ ಒಳಗಿನಿಂದ ವಿಕಿರಣ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು, ಎಳೆದಾಡಿದರೆ ಫಲ ಕುಗ್ಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಎಸ್.ಕೆ. ಶ್ರೀವಾಸ್ತವ ಮತ್ತು ಸಂಗಡಿಗರು ಮೂರನೆಯ ಹಂತದ 850 ಹೆಂಗಸರ ಮೇಲೆ ಮಾಡಿದ ಪ್ರಯೋಗದ ಫಲ 2018ರಲ್ಲಿ ಬಂತು: ವಿಕಿರಣದ ಜೊತೆ ಸಿಸ್ಪ್ಲಾಟಿನ್ ಕೊಟ್ಟಾಗ ಐದು ವರ್ಷ ಬದುಕುವವರು ಶೇ 46ರಿಂದ 54ಕ್ಕೆ ಏರಿದರು. ಆ ಎಂಟು ಪಾಯಿಂಟಿನ ಲಾಭ ಸಿಗಬೇಕಾದರೆ ಹೆಂಗಸು ಒಂದೂ ದಿನ ತಪ್ಪಿಸದೆ ಎರಡು ತಿಂಗಳು ಊರು ಬಿಟ್ಟಿರಬೇಕು. ಮಾಲೂರಿನಿಂದ ರೈಲು ಹಿಡಿದು ದಿನವೂ ಹೋಗಿಬರುತ್ತೇನೆ ಎಂದು ಶುರುಮಾಡುವವರಿಗೆ ಎರಡನೆಯ ವಾರಕ್ಕೆ ಭೇದಿ, ಸುಸ್ತು ಹಿಡಿಯುತ್ತದೆ. ಆಗ ನೆಂಟರ ಮನೆ. ಕೆ.ಆರ್. ಪುರದಲ್ಲಿ ಮಗಳು, ವೈಟ್‌ಫೀಲ್ಡಿನ ಕಡೆ ಸೆಕ್ಯುರಿಟಿ ಕೆಲಸದಲ್ಲಿರುವ ಮಗ. ಕಾಗದ, ಫೋನು ಬರಬೇಕಾದ್ದು ಅಲ್ಲಿಗೇ ಆದ್ದರಿಂದ ವಿಳಾಸವೂ ಅವರದೇ ಆಗುತ್ತದೆ. ಸುಳ್ಳೇನೂ ಅಲ್ಲ. ಆದರೆ ಕೌಂಟರಿನಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳದಿದ್ದರೆ ವಕ್ಕಲೇರಿಯ ಹೆಂಗಸು ಬೆಂಗಳೂರಿನವಳಾಗಿ ಬಿಡುತ್ತಾಳೆ. ನೋಂದಣಿಯವರ ಬಾಯಲ್ಲಿ ಅದಕ್ಕೇ ಸದಾ ಒಂದು ಪ್ರಶ್ನೆ ಇರುತ್ತದೆ: ಒಂದು ವರ್ಷದಿಂದ ಎಲ್ಲಿದ್ದೀರಮ್ಮ?

ಕಡತದಲ್ಲಿ ಇನ್ನೊಂದು ಹಳ್ಳವಿದೆ. ರೋಗ ಹುಟ್ಟಿದ ಜಾಗಕ್ಕೆ ಅಂತರರಾಷ್ಟ್ರೀಯ ಸಂಕೇತಗಳಿವೆ. ಗರ್ಭಕಂಠಕ್ಕೆ ಸಿ53, ಗರ್ಭಕೋಶದ ಒಡಲಿಗೆ ಸಿ54, ಅಂಡಾಶಯಕ್ಕೆ ಸಿ56. ನಡುವೆ ಸಿ55 ಎಂಬುದೊಂದಿದೆ: ಗರ್ಭಕೋಶ, ಯಾವ ಭಾಗವೆಂದು ತಿಳಿಯದು. ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ‘ಗರ್ಭಚೀಲದ ಗಡ್ಡೆ’ ಎಂದಷ್ಟೇ ಬರೆದು ಕಳಿಸಿದ ಚೀಟಿ, ಮರಣದ ಕಾರಣವಾಗಿ ‘ಗರ್ಭಕೋಶದ ಕ್ಯಾನ್ಸರ್’ ಎಂದು ಬರೆದ ಸಾಲು, ಎಲ್ಲ ಹೋಗಿ ಬೀಳುವುದು ಈ ಸಿ55ಕ್ಕೆ. ಅಲ್ಲಿರುವ ದೊಡ್ಡ ಪಾಲು ನಿಜವಾಗಿ ಗರ್ಭಕಂಠದ್ದೇ ಎಂದು ಅಂಕಿ ನೋಡುವವರು ಬಲ್ಲರು. ಅದನ್ನು ಹಂಚಿ ಹಾಕುವ ಲೆಕ್ಕದ ಉಪಾಯಗಳೂ ಇವೆ. ಒಂದು ನೋಂದಣಿಯ ಗುಣವನ್ನು ಅಳೆಯಬೇಕೆನಿಸಿದರೆ ನಾನು ಮೊದಲು ನೋಡುವುದು ಅದರ ಸಿ55 ಎಷ್ಟು ದಪ್ಪಗಿದೆ ಎಂಬುದನ್ನು.

ಇನ್ನು ಕೋಲಾರದಲ್ಲೇ ಇರುವ ಕಡತಗಳ ಮಾತು. ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಿಂದ ಇದೆ, ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿಂದ ಕ್ಯಾನ್ಸರಿನ ಬಗ್ಗೆ ಬೇಕಾದಷ್ಟು ಲೇಖನಗಳು ಬಂದಿವೆ. ಹೆಂಗಸರ ಕ್ಯಾನ್ಸರ್ ಎಂದು ಅಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಬಾಯಿಯದು. ಹೊಗೆಸೊಪ್ಪು, ಅಡಿಕೆ, ಸುಣ್ಣ ಸೇರಿಸಿದ ಉಂಡೆಯನ್ನು ದವಡೆಯ ಸಂದಿನಲ್ಲಿಟ್ಟು ರಾತ್ರಿಯಿಡೀ ಹಾಗೇ ಮಲಗುವ ರೂಢಿ ಈ ಕಡೆಯ ವಯಸ್ಸಾದ ಹೆಂಗಸರಲ್ಲಿದೆ. ಉಂಡೆ ಇಟ್ಟ ಜಾಗದಲ್ಲೇ, ಕೆನ್ನೆಯ ಒಳಮೈಯಲ್ಲಿ, ಹುಣ್ಣು ಏಳುತ್ತದೆ. ಬಾಯಿ ಮುಖದಲ್ಲಿರುವುದರಿಂದ ಮನೆಯವರು ಕಾಣುತ್ತಾರೆ, ಕರೆದೊಯ್ಯುತ್ತಾರೆ. ಕೆಳಗಿನದನ್ನು ಆಕೆ ಹೇಳಿದರೆ ಮಾತ್ರ ಉಂಟು.

ಮೂರನೆಯ ದಾರಿ ಸಾವಿನ ಪುಸ್ತಕ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಈ ಪುಸ್ತಕ ಇಟ್ಟವರು ಗ್ರಾಮಲೆಕ್ಕಿಗರು. ಆಸ್ಪತ್ರೆಯಲ್ಲಿ ಸತ್ತರೆ ವೈದ್ಯರು ಕಾರಣ ಬರೆದುಕೊಡುವ ನಮೂನೆ 4 ಬರುತ್ತದೆ, ಮನೆಯಲ್ಲಿ ಸತ್ತರೂ ನೋಡಿಕೊಳ್ಳುತ್ತಿದ್ದ ವೈದ್ಯರಿಂದ 4ಎ ಬರಬೇಕು. ಗರ್ಭಕಂಠದ ಕ್ಯಾನ್ಸರಿನ ಕೊನೆ ಬಹುತೇಕ ಆಸ್ಪತ್ರೆಯಲ್ಲಿ ಆಗುವುದಿಲ್ಲ. ಡಾಕ್ಟರು ‘ಮನೆಗೆ ಕರ್ಕೊಂಡೋಗಿ’ ಎಂದ ಮೇಲೆ, ಮೂತ್ರನಾಳ ಕಟ್ಟಿ, ಕಿಡ್ನಿ ಸೋತು, ಮನೆಯ ಜಗಲಿಯಲ್ಲಿ ಆಗುತ್ತದೆ. ಕಾರಣದ ಕಾಲಂನಲ್ಲಿ ‘ಅನಾರೋಗ್ಯ’, ‘ಹೊಟ್ಟೆನೋವು’, ‘ಕಿಡ್ನಿ’.

ಮರಣ ವರದಿಯ ನಮೂನೆ 2ನ್ನು ಎಂದಾದರೂ ಕೈಗೆತ್ತಿಕೊಂಡು ನೋಡಿ. ಸತ್ತವರು ಬೀಡಿ ಸಿಗರೇಟು ಸೇದುತ್ತಿದ್ದರೇ, ಹೊಗೆಸೊಪ್ಪು ಅಗಿಯುತ್ತಿದ್ದರೇ, ಅಡಿಕೆ ತಿನ್ನುತ್ತಿದ್ದರೇ, ಎಷ್ಟು ವರ್ಷದಿಂದ ಎಂದು ಕೇಳುತ್ತದೆ. ಒಳ್ಳೆಯದೇ. ಹೆಣ್ಣಿನ ಸಾವಾದರೆ ಮಾತ್ರ ಕೇಳುವ ಪ್ರಶ್ನೆ ಒಂದೇ: ಬಸುರಿಯಾಗಿದ್ದಾಗ, ಹೆರಿಗೆಯಲ್ಲಿ ಅಥವಾ ಹೆರಿಗೆಯಾದ ಆರು ವಾರದೊಳಗೆ ಸತ್ತಳೇ? ಅಲ್ಲಿಗೆ ಮುಗಿಯಿತು.

ಈ ಪ್ರಶ್ನೆಯನ್ನು ಓದಿದ ಮೇಲೆ ನನಗೆ ಉಳಿದ ಕಡತಗಳ ಆಕಾರವೂ ಕಾಣತೊಡಗಿತು. ಹೆಂಗಸು ಬಸುರಿಯಾದ ದಿನದಿಂದ ಸರ್ಕಾರದ ಪುಸ್ತಕ ಅವಳ ಹಿಂದೆಯೇ ಇರುತ್ತದೆ. ತಾಯಿ ಕಾರ್ಡು, ತೂಕ, ರಕ್ತ, ಕಬ್ಬಿಣದ ಮಾತ್ರೆ, ಹೆರಿಗೆಯ ಜಾಗ, ಮಗುವಿನ ಚುಚ್ಚುಮದ್ದು, ಕೊನೆಗೆ ‘ಆಪರೇಷನ್’. ಸಂತಾನಹರಣ ಆದ ಮೇಲೆ ಅವಳ ಹೆಸರಿನ ಮುಂದೆ ಶಾಯಿ ಒಣಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೂಡ 15ರಿಂದ 49 ವಯಸ್ಸಿನ ಹೆಂಗಸರನ್ನೇ ಮಾತಾಡಿಸುತ್ತದೆ. ಗರ್ಭಕಂಠದ ಕ್ಯಾನ್ಸರು ಹೆಚ್ಚಾಗಿ ತಲೆ ಎತ್ತುವುದು ನಲವತ್ತೈದು ಕಳೆದ ಮೇಲೆ. ಗರ್ಭಕೋಶ ಕೆಲಸದಲ್ಲಿರುವ ತನಕ ಲೆಕ್ಕವಿದೆ, ಕೆಲಸ ಮುಗಿದ ಮೇಲೆ ಇಲ್ಲ. ಯಾರೋ ಕೂತು ಮಾಡಿದ ಸಂಚಲ್ಲ ಇದು, ಕುಟುಂಬ ಯೋಜನೆಯ ಕಾಲದ ನಮೂನೆಗಳನ್ನು ಮುಂದಿಟ್ಟುಕೊಂಡೇ ಬಂದದ್ದರ ಫಲ. ಫಲ ಮಾತ್ರ ಸಂಚಿನಷ್ಟೇ ಕೆಟ್ಟದ್ದು.

ಸಾವಿನ ಪುಸ್ತಕದ ಈ ಕೊರತೆಯನ್ನು ದೇಶದ ಮಟ್ಟದಲ್ಲಿ ತುಂಬಿದ್ದು ‘ಹತ್ತು ಲಕ್ಷ ಸಾವುಗಳ ಅಧ್ಯಯನ’. ಆಯ್ದ ಹಳ್ಳಿ, ವಾರ್ಡುಗಳಲ್ಲಿ ಸಾವು ಆದ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಮನೆಯವರಿಂದ ಕೇಳಿ ಬರೆದು, ಆ ಬರಹವನ್ನು ಇಬ್ಬರು ವೈದ್ಯರು ಬೇರೆಬೇರೆ ಓದಿ ಕಾರಣ ನಿರ್ಧರಿಸುವ ಕ್ರಮ. ಅದರಿಂದ 2012ರಲ್ಲಿ ಬಂದ ಲೆಕ್ಕದಲ್ಲಿ, 2010ರಲ್ಲಿ ದೇಶದಲ್ಲಿ ಆದ 5.56 ಲಕ್ಷ ಕ್ಯಾನ್ಸರ್ ಸಾವುಗಳಲ್ಲಿ ನೂರಕ್ಕೆ 71 ಮೂವತ್ತರಿಂದ ಅರವತ್ತೊಂಬತ್ತರ ವಯಸ್ಸಿನವರದು. ಆ ವಯಸ್ಸಿನ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕಂಠಕ್ಕೆ, ಶೇ 17. ಸ್ತನಕ್ಕೆ ಶೇ 10. ನಗರದ ನೋಂದಣಿಗಳು ಸ್ತನವನ್ನು ಮುಂದಿಟ್ಟ ಕಾಲದಲ್ಲಿ ಮನೆಮನೆಯ ಸಾವಿನ ಕಥೆಗಳು ಗರ್ಭಕಂಠವನ್ನು ಮುಂದಿಟ್ಟವು. ಎರಡೂ ಸುಳ್ಳಲ್ಲ. ಒಂದು ರೋಗ ಹುಟ್ಟಿದ್ದನ್ನು ಎಣಿಸಿತು, ಅದೂ ಊರಲ್ಲಲ್ಲ, ನಗರದಲ್ಲಿ. ಇನ್ನೊಂದು ಸತ್ತವರನ್ನು ಎಣಿಸಿತು, ಹಳ್ಳಿಯನ್ನೂ ಸೇರಿಸಿ.

ಇನ್ನು ತಪಾಸಣೆಯ ಪುಸ್ತಕ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 2016ರ ಕೇಂದ್ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡಬೇಕು. ಮೂರರಿಂದ ಐದು ಪರ್ಸೆಂಟಿನ ದ್ರಾವಣ, ಒಂದು ಹತ್ತಿಯುಂಡೆ, ಒಂದು ನಿಮಿಷದ ಕಾಯುವಿಕೆ. ಬಿಳಿ ಮಚ್ಚೆ ಎದ್ದರೆ ಮುಂದಿನ ಪರೀಕ್ಷೆ. ತಂತ್ರ ಅಗ್ಗದ್ದು; ಬೇಕಾದ ಮೇಜು, ಬೆಳಕು, ಪರದೆ, ತರಬೇತಾದ ಕೈ, ಅಷ್ಟು ಅಗ್ಗವಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು 30ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಇಬ್ಬರೂ ತುಂಬಲಿಲ್ಲ: ಶೇ 1.9.

ತಪಾಸಣೆಗೆ ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಒಂದು ಪ್ರಶ್ನಪಟ್ಟಿ. ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬಬೇಕು. ಹೆಂಗಸರಿಗೆಂದೇ ಇರುವ ಪ್ರಶ್ನೆಗಳಲ್ಲಿ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯೇ, ಗಂಡನೊಡನೆ ಸೇರಿದ ಮೇಲೆ ಕಂಡಿದೆಯೇ, ವಾಸನೆಯ ಬಿಳುಪು ಹೋಗುತ್ತಿದೆಯೇ ಎಂಬಿವು ಇವೆ. ಆ ಕಡೆಯ ಒಂದು ಊರಲ್ಲಿ ಆಶಾ ಕೆಲಸ ಮಾಡುವ ಅಕ್ಕನೊಬ್ಬರನ್ನು ಇದನ್ನು ಹೇಗೆ ಕೇಳುತ್ತೀರಿ ಎಂದು ವಿಚಾರಿಸಿದೆ.

‘ಮನೆಯಾಗೆ ಕೇಳಕ್ಕಾಗಲ್ಲ ಮೇಡಂ. ಅತ್ತೆ ಡೈರಿಗೆ ಹಾಲಾಕಿ ಬಂದು ಬಾಗಿಲಾಗೇ ಕುಂತಿರ್ತಾರೆ, ಮೈದುನ ಒಳಗಿರ್ತಾನೆ. ಬಿಪಿ, ಶುಗರು ಮನೇಲಿ ಬರ್ಕೊತೀನಿ. ಇವನ್ನ ಟೊಮೇಟೊ ಬಿಡಿಸೋ ತಾವ ಹೋಗಿ ಕೇಳ್ತೀನಿ. ಅಲ್ಲಿ ಹೆಂಗಸ್ರೇ ಇರ್ತಾರೆ. ಒಬ್ರು ಬಾಯಿಬಿಟ್ರೆ ಇನ್ನೊಬ್ರೂ ಬಿಡ್ತಾರೆ.’

‘ಹೌದು ಅಂದವರನ್ನ ಏನು ಮಾಡ್ತೀರಿ ಅಕ್ಕ?’

‘ಆಸ್ಪತ್ರೆಗೆ ಹೋಗಮ್ಮ ಅಂತೀನಿ. ರೇಷ್ಮೆ ಹಣ್ಣಾಗೈತೆ, ಗೂಡು ಬಿಡಿಸಿ ಹೋಗ್ತೀನಿ ಅಂತಾರೆ. ಒಂದು ಬೆಳೆ ಆದ್ರೆ ಇನ್ನೊಂದು ಬೆಳೆ.’

ನಾನು ನೋಡಿದ ವರದಿಗಳಲ್ಲಿ ತಪಾಸಣೆಗೆ ಬಾರದಿರಲು ಕಾರಣ ‘ಅರಿವಿನ ಕೊರತೆ’ ಎಂದಿರುತ್ತದೆ. ಈ ಹೆಂಗಸರಿಗೆ ಅರಿವಿನ ಕೊರತೆ ಇದೆ ಎಂದು ನನಗನ್ನಿಸಲಿಲ್ಲ. ಹುಳ ಹಣ್ಣಾದ ಆ ನಾಲ್ಕು ದಿನ ಮನೆ ಬಿಟ್ಟರೆ ಏನಾಗುತ್ತದೆಂಬ ಅರಿವು ಅವರಿಗೆ ಚೆನ್ನಾಗಿದೆ.

ಹಳ್ಳಿಯ ಹೆಂಗಸರ ಲೆಕ್ಕ ಇಡಲು ಬರುವುದೇ ಇಲ್ಲ ಎಂದು ಯಾರಾದರೂ ಅಂದರೆ ಮಹಾರಾಷ್ಟ್ರದ ಬಾರ್ಶಿಯನ್ನು ತೋರಿಸಬಹುದು. ಸೊಲ್ಲಾಪುರ ಜಿಲ್ಲೆಯ ಆ ಒಣಸೀಮೆಯಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾಯಿತು. ಆಸ್ಪತ್ರೆಯ ಕಡತಕ್ಕೆ ಕಾಯದೆ ಕಾರ್ಯಕರ್ತರು ಊರೂರಿಗೆ ಹೋದರು, ರೋಗದ ಲಕ್ಷಣಗಳನ್ನು ಹೇಳಿದರು, ಅನುಮಾನ ಬಂದವರನ್ನು ಕರೆತಂದರು. ಈ ನೋಂದಣಿಯ ಬಲದ ಮೇಲೆಯೇ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. 30ರಿಂದ 59 ವಯಸ್ಸಿನ 1,31,746 ಹೆಂಗಸರು, ಊರುಗಳ 52 ಗುಂಪು. ಕೆಲವು ಗುಂಪಿಗೆ ಈ ರೋಗ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ, ಕೆಲವಕ್ಕೆ ಜೀವಕೋಶ ನೋಡುವ ಪ್ಯಾಪ್ ಪರೀಕ್ಷೆ, ಕೆಲವಕ್ಕೆ ಅಸಿಟಿಕ್ ಆಮ್ಲದ್ದು, ಉಳಿದವಕ್ಕೆ ಯಾವುದೂ ಇಲ್ಲ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 2009ರಲ್ಲಿ ಫಲ ಪ್ರಕಟಿಸಿದರು: ಎಂಟು ವರ್ಷದಲ್ಲಿ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 34 ಸಾವು, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆ ಸಾವನ್ನು ಅರ್ಧಕ್ಕೆ ಇಳಿಸಿತು. ಜಗತ್ತಿನ ಆರೋಗ್ಯ ನೀತಿ ಇಂದು ಎಚ್‌ಪಿವಿ ಪರೀಕ್ಷೆಯ ಕಡೆ ವಾಲಿರುವುದರಲ್ಲಿ ಈ ಹೆಂಗಸರ ಪಾಲು ದೊಡ್ಡದು.

64 ಎಂಬ ಸಂಖ್ಯೆಯನ್ನು ಸುಮ್ಮನೆ ದಾಟಲಾಗುವುದಿಲ್ಲ. ಪ್ಯಾಪ್ ಪರೀಕ್ಷೆ ಉಪಯುಕ್ತವೆಂದು ಜಗತ್ತಿಗೆ ಅರ್ಧ ಶತಮಾನದಿಂದ ಗೊತ್ತಿರುವಾಗ ಒಂದು ಗುಂಪನ್ನು ತಪಾಸಣೆ ಇಲ್ಲದೆ ಬಿಟ್ಟದ್ದು ಸರಿಯೇ ಎಂದು ಅಮೆರಿಕದ ವೈದ್ಯ ಎರಿಕ್ ಸೂಬಾ ಕೇಳಿದರು. ಮುಂಬಯಿ, ಉಸ್ಮಾನಾಬಾದ್, ದಿಂಡಿಗಲ್‌ಗಳಲ್ಲಿ ನಡೆದ ಇಂಥ ಮೂರು ಪ್ರಯೋಗ ಸೇರಿಸಿದರೆ ಹೀಗೆ ಬಿಟ್ಟವರು ಸುಮಾರು 1.38 ಲಕ್ಷ, ಅವರಲ್ಲಿ ಕನಿಷ್ಠ 254 ಸಾವು ಎಂಬುದು ಅವರ ಲೆಕ್ಕ. ಆ ಊರುಗಳಲ್ಲಿ ಆಗ ಎಂಥ ತಪಾಸಣೆಯೂ ಇರಲಿಲ್ಲ, ನಾವು ಇದ್ದದ್ದನ್ನು ಕಿತ್ತುಕೊಳ್ಳಲಿಲ್ಲ ಎಂಬುದು ಸಂಶೋಧಕರ ಉತ್ತರ. ಎರಡನ್ನೂ ಓದಿದ ನನಗೆ ಸೂಬಾರ ಪ್ರಶ್ನೆಯೇ ಹೆಚ್ಚು ತೂಕದ್ದೆನಿಸುತ್ತದೆ. ದೆಹಲಿಯಲ್ಲಿ 1976ರಿಂದ 1988ರವರೆಗೆ ನಡೆದದ್ದಂತೂ ಇದಕ್ಕಿಂತ ಕೆಟ್ಟದ್ದು: ಕ್ಯಾನ್ಸರಿನ ಪೂರ್ವಸ್ಥಿತಿ ಕಂಡಿದ್ದ ಸಾವಿರದ ನೂರಕ್ಕೂ ಹೆಚ್ಚು ಹೆಂಗಸರನ್ನು ಚಿಕಿತ್ಸೆ ಕೊಡದೆ, ಲಿಖಿತ ಒಪ್ಪಿಗೆಯೂ ಇಲ್ಲದೆ, ರೋಗ ಹೇಗೆ ಬೆಳೆಯುತ್ತದೆಂದು ಸಂಶೋಧಕರು ಗಮನಿಸುತ್ತ ಹೋದರು. 1997ರಲ್ಲಿ ಸುದ್ದಿ ಹೊರಬಿತ್ತು. ಸಂಶೋಧನೆಗೆ ಹಳ್ಳಿಯ ಮತ್ತು ಬಡ ಹೆಂಗಸಿನ ಮೈ ಸುಲಭವಾಗಿ ಸಿಗುತ್ತದೆ. ಸಂಶೋಧನೆಯ ಫಲ ಅವಳ ಊರಿಗೆ ಮುಟ್ಟಿತೇ ಎಂದು ತಿಳಿಯಬೇಕಾದಾಗ ಮಾತ್ರ ಪುಸ್ತಕ ಇರುವುದಿಲ್ಲ.

ಲೆಕ್ಕದ ಕೆಳಗಿನ ಸಂಖ್ಯೆಗೂ ಒಂದು ತೊಡಕಿದೆ. ಗರ್ಭಕೋಶ ತೆಗೆಸಿಕೊಂಡ ಹೆಂಗಸಿಗೆ ಸಾಮಾನ್ಯವಾಗಿ ಈ ರೋಗದ ಭಯವಿಲ್ಲ. ಅವಳನ್ನು ಭಾಗಾಕಾರದಿಂದ ಕಳೆಯಬೇಕು. 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೀಗೆ ತೆಗೆಸಿಕೊಂಡವರು 15ರಿಂದ 49ರ ವಯಸ್ಸಿನವರಲ್ಲಿ ಶೇ 3.2. ಆಂಧ್ರದಲ್ಲಿ ಅದರ ಎರಡು ಪಟ್ಟಿಗೂ ಮೀರಿ. ಕೋಲಾರದ ನೆಂಟಸ್ತಿಕೆ, ಆಸ್ಪತ್ರೆ ಎರಡೂ ಆಂಧ್ರದ ಗಡಿಯಾಚೆಗೆ ಹಬ್ಬಿರುವುದರಿಂದ ಇದನ್ನು ಮರೆಯುವಂತಿಲ್ಲ. ಬಿಳುಪು ಹೋಗುತ್ತದೆಂದು ಹೋದವರಿಗೆ ‘ಕ್ಯಾನ್ಸರ್ ಆಗಬಹುದು’ ಎಂದು ಹೆದರಿಸಿ ಗರ್ಭಚೀಲ ತೆಗೆದ ದೂರುಗಳು ಕಲಬುರಗಿಯ ಲಂಬಾಣಿ ತಾಂಡಾಗಳಿಂದ ಬಂದಿದ್ದು, ಆಮೇಲೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಕ್ರಿಯೆಗಳ ಮೇಲೆ ಕಣ್ಣಿಡಲು ರಾಜ್ಯಗಳಿಗೆ ಆದೇಶಿಸಿದ್ದು ಬೇರೆಯೇ ಕಥೆ.

ಕೊನೆಗೆ ಊರಿನ ಹೆಸರು ಸರಿಯಾಗಿ ಸಿಗುವ ಕಡತ ಯಾವುದು? ವೈದ್ಯಕೀಯದ್ದಲ್ಲ, ಹಣದ್ದು. 2010ರ ವಾಜಪೇಯಿ ಆರೋಗ್ಯಶ್ರೀಯಿಂದ ಇಂದಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ಕ್ಯಾನ್ಸರ್ ಚಿಕಿತ್ಸೆಯ ಖರ್ಚು ಭರಿಸುವ ಯೋಜನೆಗಳು ನಡೆಯುವುದು ರೇಷನ್ ಕಾರ್ಡಿನ ಮೇಲೆ. ವೈಟ್‌ಫೀಲ್ಡಿನ ಮಗನ ಮನೆಯಲ್ಲಿದ್ದರೂ ಹೆಂಗಸಿನ ಕಾರ್ಡು ವಕ್ಕಲೇರಿಯದೇ. ಆಸ್ಪತ್ರೆಯ ಹೊರರೋಗಿ ಚೀಟಿಗೆ ಗೊತ್ತಿಲ್ಲದ ಊರು ಬಿಲ್ಲಿಗೆ ಗೊತ್ತಿದೆ. ಬಿಲ್ಲಿನಲ್ಲಿ ಚಿಕಿತ್ಸೆಯ ಸಂಕೇತ, ಮೊತ್ತ ಇರುತ್ತದೆ. ಹಂತ ಕಿದ್ವಾಯಿಯಂಥ ಆಸ್ಪತ್ರೆಯ ನೋಂದಣಿಯಲ್ಲಿರುತ್ತದೆ. ಸತ್ತ ತಾರೀಖು ಪಂಚಾಯಿತಿ, ಕಂದಾಯದವರ ಪುಸ್ತಕದಲ್ಲಿರುತ್ತದೆ. ಹೆಂಗಸರ ಒಟ್ಟು ಸಂಖ್ಯೆ ಆಶಾ ಅಕ್ಕನ ಪಟ್ಟಿಯಲ್ಲಿರುತ್ತದೆ. ನಾಲ್ಕನ್ನೂ ಒಂದು ಮೇಜಿನ ಮೇಲೆ ತಂದು, ಹೆಸರುಗಳ ಗುಟ್ಟು ಕಾಪಾಡಿ, ಒಂದಕ್ಕೊಂದು ಹೊಂದಿಸಿ ನೋಡುವುದು ದೊಡ್ಡ ವಿಜ್ಞಾನವಲ್ಲ. ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ರಾಜ್ಯ ಸರ್ಕಾರ ಘೋಷಿಸಿರುವಾಗ ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಇಲಾಖೆಗಳು ಪರಸ್ಪರ ಕಡತ ಕೊಡಬೇಕು, ಹೊಂದದ ಹೆಸರುಗಳಿಗಾಗಿ ಯಾರಾದರೂ ನಡೆಯಬೇಕು. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಡೆದ ಹಾಗೆ.

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಕಂಠದ ಕ್ಯಾನ್ಸರನ್ನು ನಿವಾರಿಸುವ ಗುರಿ ಹಾಕಿಕೊಂಡಿತು. ಬಾಲಕಿಯರಲ್ಲಿ ಶೇ 90 ಮಂದಿಗೆ ಲಸಿಕೆ, ಹೆಂಗಸರಲ್ಲಿ ಶೇ 70 ಮಂದಿಗೆ ತಪಾಸಣೆ, ರೋಗ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ, ಎಲ್ಲ 2030ಕ್ಕೆ. ನಿವಾರಣೆ ಆಯಿತೆಂದು ಹೇಳಲು ಅಳತೆಗೋಲು: ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ನಾಲ್ಕಕ್ಕಿಂತ ಕಡಿಮೆ ಹೊಸ ರೋಗಿಗಳು. ಈ ಅಳತೆಯನ್ನು ಹತ್ತು ಸಾವಿರ ಹೆಂಗಸರಿರುವ ಹಳ್ಳಿಗಳ ಗುಂಪಿಗೆ ಹಿಡಿದರೆ ಎರಡೂವರೆ ವರ್ಷಕ್ಕೆ ಒಬ್ಬಳು ಬರುತ್ತಾಳೆ. ಆ ಒಬ್ಬಳು ಕೌಂಟರಿನಲ್ಲಿ ಮಗನ ಮನೆಯ ವಿಳಾಸ ಬರೆಸಿದರೆ ಸಾಕು, ಊರಲ್ಲಿ ರೋಗವೇ ಇಲ್ಲವೆಂದಾಗುತ್ತದೆ, ವೈಟ್‌ಫೀಲ್ಡಿನಲ್ಲಿ ಒಂದು ಹೆಚ್ಚಾಗುತ್ತದೆ.